ಯಾರೂ ಸಾಯದ ಮನೆಯಲ್ಲಿ ನನ್ನ ನೌಕರಿ

ಹೋದ ತಿಂಗಳು ಮೈಸೂರಿನ ಒಂದು ನರ್ಸಿಂಗ್ ಶಾಲೆಯವರು ನನ್ನನ್ನು ಕರೆಸಿ, ವೃದ್ಧರ ಆರೈಕೆಗೆ ಸೇರಲಿರುವ ಹುಡುಗಿಯರ ಮುಂದೆ ನಾಲ್ಕು ಮಾತಾಡಿ ಎಂದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನಿಮ್ಮ ಸರ್ವಿಸಲ್ಲಿ ಎಷ್ಟು ಜನರ ಪ್ರಾಣ ಉಳಿಸಿದ್ದೀರಿ?" ಎಂದು ಕೇಳಿದಳು. "ಒಬ್ಬರದ್ದೂ ಇಲ್ಲಮ್ಮ" ಎಂದೆ. ಸಭೆ ನಕ್ಕಿತು. ನಾನು ತಮಾಷೆ ಮಾಡಿರಲಿಲ್ಲ. ನನ್ನ ಕೈಗೆ ಬಂದವರೆಲ್ಲ ಹೊರಡಲು ಸಿದ್ಧವಾಗಿ ಬಂದವರು, ಎಲ್ಲರೂ ಹೊರಟೂ ಹೋದರು. ಅವರು ಹೇಗೆ ಹೋಗುತ್ತಾರೆ ಎಂಬುದಷ್ಟೇ ನನ್ನ ಕೆಲಸವಾಗಿತ್ತು. ಅದನ್ನೂ ಮೊದಲ ಕೆಲವು ವರ್ಷ ಬಹಳ ಕೆಟ್ಟದಾಗಿ ಮಾಡಿದೆ. ಶಾಲು ಹೊದ್ದುಕೊಂಡು ಅದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆ.ಆರ್. ನಗರದ ಗೌರಮ್ಮ. ತೊಂಬತ್ತರ ದಶಕದ ಮೊದಲಲ್ಲಿ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನ ಕೆಲಸ ಬಿಟ್ಟು, ಹುಣಸೂರಿನಿಂದ ವೀರನಹೊಸಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ವೃದ್ಧರ ಆರೈಕೆ ಮನೆಗೆ ಸೇರಿದೆ. ಬರುವವರನ್ನು ಎತ್ತಿಕೊಳ್ಳುವ ಕೆಲಸ ಬಿಟ್ಟು ಹೋಗುವವರನ್ನು ಬೀಳ್ಕೊಡುವ ಕೆಲಸ ಹಿಡಿದೆಯಲ್ಲೇ ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು. ಸುತ್ತ ಹೊಗೆಸೊಪ್ಪಿನ ಹೊಲ, ನಡುವೆ ಹೆಂಚಿನ ಉದ್ದನೆಯ ಕಟ್ಟಡ, ಅಂಗಳದಲ್ಲಿ ಒಂದು ಹೊಂಗೆ ಮರ, ಒಳಗೆ ಇಪ್ಪತ್ತನಾಲ್ಕು ಮಂಚ. ಲಕ್ವ ಹೊಡೆದವರು, ಕ್ಯಾನ್ಸರ್ ಆಗಿ ಮೈಸೂರಿನವರು ಇನ್ನೇನೂ ಮಾಡಲಾಗದು ಎಂದು ಕಳಿಸಿದವರು, ಹಾಸಿಗೆಯಲ್ಲೇ ಎಲ್ಲವೂ ಆಗಬೇಕಾದವರು, ಹೀಗೆ ನಾಲ್ಕು ತಾಲ್ಲೂಕಿನ ಮುದುಕ ಮುದುಕಿಯರು ಅಲ್ಲಿದ್ದರು.

ಆ ಮನೆಯನ್ನು ಕಟ್ಟಿಸಿದವರು ಸೆಕ್ರೆಟರಿ ನಂಜುಂಡಪ್ಪನವರು. ಹುಣಸೂರಿನ ಹೊಗೆಸೊಪ್ಪಿನ ವ್ಯಾಪಾರಿ. ಹಣೆ ತುಂಬ ವಿಭೂತಿ, ಅದರ ಮೇಲೆ ತಲೆಯ ಹಿಂಭಾಗದವರೆಗೆ ಒಂದೇ ಒಂದು ಕೂದಲಿಲ್ಲದ ಬಯಲು. ಸಭೆಗಳಲ್ಲಿ ಮೈಕು ಸಿಕ್ಕರೆ, "ಶರಣರಿಗೆ ಸೂತಕವಿಲ್ಲ, ರಾಹುಕಾಲವಿಲ್ಲ" ಎಂದು ಮುಕ್ಕಾಲು ಗಂಟೆ ಮಾತಾಡುತ್ತಿದ್ದರು. ಜುಬ್ಬದ ಜೇಬಿನಲ್ಲಿ ಮಾತ್ರ ಸದಾ ಒಂದು ಪಂಚಾಂಗ ಇರುತ್ತಿತ್ತು. ಇನ್ನೊಂದು ಪಂಚಾಂಗವನ್ನು ನಮ್ಮ ಔಷಧಿ ಬೀರುವಿನ ಪಕ್ಕದಲ್ಲೇ ಮೊಳೆಗೆ ನೇತುಹಾಕಿಸಿದ್ದರು. ಯಾರಾದರೂ ದಾನಿಗಳು ಬಂದರೆ ಎದೆಯುಬ್ಬಿಸಿ, "ನಮ್ಮ ಮನೇಲಿ ಇದುವರೆಗೆ ಒಂದೂ ಸಾವಾಗಿಲ್ಲ" ಎನ್ನುತ್ತಿದ್ದರು.

ಅದು ನಿಜ. ನಮ್ಮಲ್ಲಿ ಯಾರೂ ಸಾಯುತ್ತಿರಲಿಲ್ಲ, ಏಕೆಂದರೆ ನಮ್ಮಲ್ಲಿ ಒಂದು ಜೀಪಿತ್ತು. ಯಾರ ಉಸಿರಾಟ ಬದಲಾದರೂ, ಯಾರು ಎರಡು ದಿನ ಊಟ ಬಿಟ್ಟರೂ ಅವರನ್ನು ಜೀಪಿಗೆ ಹಾಕಿ ಮೈಸೂರಿನ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಇದು ಕಮಿಟಿ ತೀರ್ಮಾನ. ರಿಜಿಸ್ಟರಿನಲ್ಲಿ ಬರೆಯುವ ಸಾಲೂ ಸಿದ್ಧವಾಗಿತ್ತು: 'ಹೆಚ್ಚಿನ ಚಿಕಿತ್ಸೆಗಾಗಿ ಮೈಸೂರಿಗೆ ಕಳುಹಿಸಲಾಗಿದೆ.' ಕೆಳಗೆ ನನ್ನ ಸಹಿ. 'ಮರಣ' ಎಂಬ ಕಾಲಂ ಒಂದಿತ್ತು, ಅದು ಪುಟ ಪುಟವೂ ಖಾಲಿ.

ಇದರ ಹಿಂದೆ ಒಂದು ಭಯವಿತ್ತು. ನಮ್ಮ ಕಡೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಹುಡುಗಿಯರಿಗಾಗಿ ಹೇಳುತ್ತೇನೆ. ಕೆಲವು ನಕ್ಷತ್ರಗಳಲ್ಲಿ ಮನೆಯೊಳಗೆ ಸಾವಾದರೆ ಆ ಮನೆಯನ್ನು ಬಿಡಬೇಕು. ನಕ್ಷತ್ರ ನೋಡಿ ಮೂರು ತಿಂಗಳೋ ಆರು ತಿಂಗಳೋ ಬಾಗಿಲಿಗೆ ಮುಳ್ಳು ಬಡಿದು ಹೊರಗಿರಬೇಕು. ಅದರಲ್ಲೂ ಪಂಚಕ ಎಂದು ಸಾಲಾಗಿ ಐದು ನಕ್ಷತ್ರ ಬರುತ್ತವೆ. ಪ್ರತಿ ತಿಂಗಳೂ ಆ ಐದು ದಿನ ನಂಜುಂಡಪ್ಪನವರು ದಿನಕ್ಕೆ ಮೂರು ಸಲ ಬಂದು ಮಂಚ ಮಂಚವನ್ನೂ ನೋಡಿಹೋಗುವರು. "ನನ್ನ ನಂಬಿಕೆ ಪ್ರಶ್ನೆ ಅಲ್ಲ ಕಣಮ್ಮ. ಪಂಚಕದಲ್ಲಿ ಒಂದು ಹೋಯ್ತು ಅಂದ್ರೆ ಅಡುಗೆಯವಳು ಬರಲ್ಲ, ಆಯಾಗಳು ಬರಲ್ಲ, ಇವರ ಮನೆಯವರೂ ಮುಖ ಹಾಕಲ್ಲ. ಇಪ್ಪತ್ನಾಲ್ಕು ಮಂಚ ಹೊತ್ಕಂಡು ಯಾವ ಮರದ ಕೆಳಗೆ ಕೂರ್ಲಿ?" ಎನ್ನುತ್ತಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನೂ ತಲೆಯಾಡಿಸುತ್ತಿದ್ದೆ, ಜೀಪು ಹತ್ತಿಸುತ್ತಿದ್ದೆ.

ಹಾಗೆ ಹತ್ತಿಸಿದವರಲ್ಲಿ ಬೋರೇಗೌಡರು ಒಬ್ಬರು. ಪಿರಿಯಾಪಟ್ಟಣದ ಕಡೆಯವರು, ದನದ ವ್ಯಾಪಾರ ಮಾಡಿಕೊಂಡಿದ್ದವರು. ಮನುಷ್ಯರನ್ನೂ ದನ ನೋಡುವ ಹಾಗೆ ಹಲ್ಲಿನಿಂದ ಕಾಲಿನವರೆಗೆ ನೋಡಿ ವಯಸ್ಸು ಹೇಳುತ್ತಿದ್ದರು. ನನ್ನ ವಯಸ್ಸನ್ನು ಐದು ವರ್ಷ ಹೆಚ್ಚು ಹೇಳಿದ್ದಕ್ಕೆ ನಾನು ಒಂದು ವಾರ ಅವರ ಜೊತೆ ಮಾತು ಬಿಟ್ಟಿದ್ದೆ. ಶ್ವಾಸಕೋಶದ ಕಾಯಿಲೆ. ಅವರಿಗೆ ಇದ್ದದ್ದು ಒಂದೇ ಆಸೆ, ಹಗಲು ಹೊತ್ತು ಹೊಂಗೆ ಮರದ ನೆರಳಿನಲ್ಲಿ ಮಲಗಬೇಕು. ನಾಳೆ, ನಾಳಿದ್ದು ಎಂದು ದೂಡುತ್ತಾ ಬಂದೆ. ಒಂದು ಬೆಳಿಗ್ಗೆ ಅವರ ಉಗುರು ನೀಲಿಯಾಯಿತು. ಅಂದು ಪಂಚಕದ ಎರಡನೇ ದಿನ. ಜೀಪು ಬಂತು.

"ಎಲ್ಲಿಗವ್ವ?" ಎಂದರು ಗೌಡರು.

"ಮೈಸೂರಿಗೆ. ಬಂದ ಮೇಲೆ ಮರದ ಕೆಳಗೆ ಮಂಚ ಹಾಕಿಸ್ತೀನಿ."

"ಮೈಸೂರಿಂದ ಇಲ್ಲಿಗೆ ಯಾರವ್ವ ವಾಪಸ್ ಬಂದವ್ರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಣ್ಣು ಮುಚ್ಚಿಕೊಂಡರು.

ನಾನು ಹಿಂದೆ ಕೂತಿದ್ದೆ, ಅವರ ತಲೆ ನನ್ನ ತೊಡೆಯ ಮೇಲಿತ್ತು. ಹುಣಸೂರು ಬಿಟ್ಟು ಸ್ವಲ್ಪ ದೂರ ಹೋಗುವುದರೊಳಗೆ ನೀರು ಕೇಳಿದರು. ಡಾಕ್ಟರು ಕೊಟ್ಟ ಚೀಟಿಯಲ್ಲಿ 'ಬಾಯಿಗೆ ಏನೂ ಕೊಡಬಾರದು' ಎಂದು ಬರೆದಿತ್ತು. ಮೈಸೂರಿನ ಆಸ್ಪತ್ರೆಯವರು ಬೈಯುತ್ತಾರೆ ಎಂಬ ಹೆದರಿಕೆ ನನಗೆ. "ಇನ್ನೇನು ಬಂತು ಗೌಡ್ರೇ, ಆಸ್ಪತ್ರೇಲಿ ಕೊಡ್ತಾರೆ" ಎಂದೆ. ಇನ್ನೊಂದು ಸಲ ಕೇಳಿದರು. ನನ್ನ ಕೈಚೀಲದಲ್ಲೇ ನೀರಿನ ಬಾಟಲಿ ಇತ್ತು. ಬಿಳಿಕೆರೆ ದಾಟುವಾಗ ಕೇಳುವುದನ್ನು ನಿಲ್ಲಿಸಿದರು.

ಡ್ರೈವರ್ ಪುಟ್ಟಸ್ವಾಮಿ ಕನ್ನಡಿಯಲ್ಲಿ ನೋಡಿ ಗಾಡಿ ನಿಧಾನ ಮಾಡಿದ. "ಅಕ್ಕಾ, ವಾಪಸ್ ತಿರುಗಿಸ್ಲಾ?" ವಾಪಸು ಹೋದರೆ ಅದು ನಮ್ಮ ಮನೆಯ ಸಾವಾಗುತ್ತದೆ. "ಹೋಗ್ಲಿ ನಡಿ" ಎಂದೆ. ಮೈಸೂರಿನಲ್ಲಿ ಡ್ಯೂಟಿ ಡಾಕ್ಟರು ನಾಡಿ ನೋಡಿ, "ಸತ್ತವರನ್ನ ಯಾಕಮ್ಮ ತಂದ್ರಿ?" ಎಂದು ರೇಗಿದರು. "ಹೊರಡುವಾಗ ಬದುಕಿದ್ರು ಸರ್" ಎಂದೆ. ಸಂಜೆ ಬಂದು ರಿಜಿಸ್ಟರಿನಲ್ಲಿ ಅದೇ ಸಾಲು ಬರೆದೆ: ಹೆಚ್ಚಿನ ಚಿಕಿತ್ಸೆಗಾಗಿ. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ನಿಯಮ ಪಾಲಿಸಿದ್ದಕ್ಕೆ ಮುಂದಿನ ತಿಂಗಳು ಕಮಿಟಿಯವರು ಹೊಗಳಿದರು ಕೂಡ. ನಮ್ಮ ಕಡೆ ಶತ್ರುವಿಗೂ ಕೊನೆಯ ನೀರು ಬಿಡದೆ ಇರುವುದಿಲ್ಲ. ನಾನು ಬಿಳಿ ಸಮವಸ್ತ್ರ ಹಾಕಿಕೊಂಡು ಬಾಟಲಿ ಚೀಲದಲ್ಲಿಟ್ಟುಕೊಂಡು ಹಾಗೆ ಮಾಡಿದೆ. ಇವತ್ತಿಗೂ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋದರೆ ಬಿಳಿಕೆರೆ ಬರುವಷ್ಟರಲ್ಲಿ ನನ್ನ ಬಾಯಿ ಒಣಗುತ್ತದೆ.

ಇದಾದ ಒಂದೆರಡು ವರ್ಷಕ್ಕೆ ಆಲೀಸ್ ಬಂದಳು. ವಯನಾಡಿನವಳು, ಎಚ್.ಡಿ. ಕೋಟೆಗೆ ಮದುವೆಯಾಗಿ ಬಂದಿದ್ದಳು. ಕೇರಳದಲ್ಲಿ ಇಂಥ ರೋಗಿಗಳನ್ನೇ ನೋಡಿಕೊಳ್ಳುವ ಕಡೆ ತರಬೇತಿ ಪಡೆದವಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ನನ್ನ ಕೈಕೆಳಗೆ ಬಂದವಳು, ಮೊದಲ ದಿನವೇ ನನಗೆ ಪಾಠ ಶುರುಮಾಡಿದಳು. "ಚೇಚಿ, ನೋವು ಬಂದ ಮೇಲೆ ಮಾತ್ರೆ ಕೊಡೋದು ಅಲ್ಲ. ಬರೋ ಮುಂಚೆ, ಗಡಿಯಾರ ನೋಡಿ ಕೊಡೋದು." ಕೇಳಿ ನನಗೆ ಮೈಯೆಲ್ಲ ಉರಿಯಿತು. ಇವಳಿಂದ ಚೇಚಿ, ಅಂದರೆ ಅಕ್ಕ, ಎಂದು ಕರೆಸಿಕೊಂಡು ಇವಳಿಂದಲೇ ಕಲಿಯಬೇಕೆ ಎಂದು ಎರಡು ತಿಂಗಳು ಮುಖ ಗಂಟಿಕ್ಕಿಕೊಂಡೇ ಓಡಾಡಿದೆ. ಆದರೆ ಗಡಿಯಾರ ನೋಡಿ ಕೊಟ್ಟ ಮಾತ್ರೆಗೆ ಮುದುಕರು ನರಳುವುದನ್ನು ನಿಲ್ಲಿಸಿ ಪರಸ್ಪರ ಜಗಳಕ್ಕೆ ನಿಂತರು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಅವಳ ಇನ್ನೊಂದು ಹುಚ್ಚು, ಪ್ರತಿಯೊಬ್ಬರ ಮಂಚದ ಪಕ್ಕ ಕೂತು "ನಿಮಗೆ ಏನು ಬೇಕು?" ಎಂದು ಕೇಳುವುದು. ನಾವು ಎಷ್ಟೋ ವರ್ಷ ಅವರ ಮೈ ಒರೆಸಿದ್ದೆವು, ಈ ಪ್ರಶ್ನೆ ಮಾತ್ರ ಕೇಳಿರಲಿಲ್ಲ. ಕೇಳಿದರೆ ಏನು ಬಂತು ಗೊತ್ತೇ? ಸರಗೂರಿನ ಒಬ್ಬ ಮುದುಕರು, ವಾರವಾರ ಬರುವ ಕ್ಷೌರಿಕ ತಮ್ಮ ಮೀಸೆ ಬೋಳಿಸಬಾರದು ಎಂದರು. ಮೂರು ವರ್ಷದಿಂದ ಬೋಳಿಸುತ್ತಿದ್ದೆವು, ಶುಚಿತ್ವಕ್ಕಾಗಿ. ಮೀಸೆ ಬೆಳೆಯುವಷ್ಟು ದಿನ ಇದ್ದರು, ಅದನ್ನು ತಿರುವಿಯೂ ತಿರುವಿದರು. ಆಮೇಲೆ ಜೀಪು ಬಂತು.

ಇಂಥ ಹೊತ್ತಿನಲ್ಲಿ ಸಣ್ಣಮ್ಮ ಬಂದಳು. ನಲವತ್ತು ವರ್ಷ ಹೊಗೆಸೊಪ್ಪಿನ ಎಲೆ ವಿಂಗಡಿಸಿ ಗ್ರೇಡ್ ಮಾಡಿದವಳು. ಒಳ್ಳೆಯ ಎಲೆ ಬೇರೆಯವರಿಗೆ, ಕಡ್ಡಿ ಪುಡಿ ತನ್ನ ದವಡೆಗೆ. ಕೆನ್ನೆಯಲ್ಲಿ ಕ್ಯಾನ್ಸರ್ ಹುಣ್ಣು ತೂತಾಗಿತ್ತು. ವಾಸನೆಗೆ ಪಕ್ಕದ ಮಂಚದವರು ಮುಖ ತಿರುಗಿಸುತ್ತಿದ್ದರು, ಅದು ಅವಳಿಗೂ ಗೊತ್ತಿತ್ತು. ಆಲೀಸ್ ಒಂದು ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಹುಣ್ಣಿಗೆ ಉದುರಿಸಿ ಕಟ್ಟತೊಡಗಿದಳು. ನಾಲ್ಕೈದು ದಿನದಲ್ಲಿ ವಾಸನೆ ಇಳಿಯಿತು. ಅಷ್ಟು ಸುಲಭದ್ದು! ಅದು ಗೊತ್ತಿಲ್ಲದೆ ನಾನು ಎಷ್ಟು ಜನರ ಮಂಚವನ್ನು ಮೂಲೆಗೆ ತಳ್ಳಿದ್ದೆನೋ ಎಂದು ನಾಚಿಕೆಯಾಯಿತು. ಸಣ್ಣಮ್ಮನ ಮಂಚ ಅಂಗಳದ ಕಡೆಯ ಕಿಟಕಿಗೆ ಬಂತು.

ಬಾಯಿ ಅರ್ಧ ಕೆಟ್ಟಿದ್ದರೂ ಅವಳ ಮಾತಿಗೆ ಏನೂ ಕೊರತೆಯಿರಲಿಲ್ಲ. ನನಗೂ ಅವಳಿಗೂ ದಿನಾ ಬೆಳಿಗ್ಗೆ ತಲೆ ಬಾಚುವಾಗ ಜಗಳ. ಜೋರಾಗಿ ಎಳೀತೀಯ ಎಂದು ಅವಳು, ಅಲುಗಾಡಬೇಡ ಎಂದು ನಾನು. ನೋವು ಹೆಚ್ಚಾದಾಗ ಆಲೀಸ್ ಮಾರ್ಫಿನ್ ಕೇಳಿದಳು. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಹುಣಸೂರಿನಿಂದ ಬರುತ್ತಿದ್ದ ನಮ್ಮ ಡಾಕ್ಟರು ಹೌಹಾರಿದರು. "ಅಯ್ಯೋ, ಅದು ಅಭ್ಯಾಸ ಆಗಿಬಿಡುತ್ತೆ!"

ಸಣ್ಣಮ್ಮ ಮಲಗಿದಲ್ಲಿಂದಲೇ, "ಅಬ್ಯಾಸ ಆಗೋಗಂಟ ನಾನಿರ್ತೀನಾ ಡಾಕ್ಟ್ರೇ? ಅಂಗಾರೆ ಕೊಡಿ, ಒಳ್ಳೇದೇ ಆಯ್ತದೆ" ಎಂದಳು. ಡಾಕ್ಟರು ಪೆನ್ನು ತೆಗೆದರು. ಆ ಮಾತ್ರೆ ತರಲು ಆಲೀಸ್ ಪಟ್ಟ ಪಾಡು, ಮೈಸೂರು, ಕೇರಳ ಎಂದು ಅಲೆದದ್ದು, ಕೊಟ್ಟ ಅರ್ಜಿಗಳು, ಅದೇ ಬೇರೆ ಕಥೆ. ಬಂತು. ಮಾರನೆಯ ದಿನ ಸಣ್ಣಮ್ಮ ತಿಂಗಳ ಮೇಲೆ ಮೊದಲ ಸಲ ಮಧ್ಯಾಹ್ನದವರೆಗೆ ನಿದ್ದೆ ಮಾಡಿದಳು.

ಒಂದು ದಿನ ತಲೆ ಬಾಚುವಾಗ ನನ್ನ ಕೈ ಹಿಡಿದುಕೊಂಡಳು. "ನರ್ಸಮ್ಮ, ನಾನೆಲ್ಗೂ ಓಗಾಕಿಲ್ಲ. ನನ್ನ ಆ ಜೀಪ್ಗೆ ಆಕ್ಬ್ಯಾಡ. ಈ ಕಿಟ್ಕಿ ತಾವೇ ಬುಟ್ಬುಡು. ಮಾತು ಕೊಡು."

ಕೊಟ್ಟೆ. ಕೊಟ್ಟ ಮೇಲೆ ಆ ಹಳೆಯ ಜೀಪು ನೆನಪಾಯಿತು. ಬೋರೇಗೌಡರ ವಿಷಯ ಆಲೀಸ್‌ಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವಳು ಕೇಳಿಸಿಕೊಂಡು, "ಹಾಗಾದರೆ ಈ ಸಲ ನೀರು ಕೊಡೋಣ ಚೇಚಿ" ಎಂದಿದ್ದಳು, ಅಷ್ಟೇ.

ನಾವು ಹೆದರಿದಂತೆಯೇ ಆಯಿತು. ಸಣ್ಣಮ್ಮ ಊಟ ಬಿಟ್ಟ ದಿನವೇ ಪಂಚಕ ಹತ್ತಿತು. ಬುಧವಾರ ನಂಜುಂಡಪ್ಪನವರು ಜೀಪು ತರಿಸಿ ಬಾಗಿಲಲ್ಲಿ ನಿಲ್ಲಿಸಿದರು. ನಾನು ಜೀವನದಲ್ಲಿ ಮೊದಲ ಸಲ ಅವರಿಗೆ "ಆಗಲ್ಲ ಸರ್" ಎಂದೆ. ಕಳಿಸುವುದಾದರೆ ನನ್ನ ರಾಜೀನಾಮೆಯನ್ನೂ ಅದೇ ಜೀಪಿನಲ್ಲಿ ಕಳಿಸಿ ಎಂದೆ. ಧೈರ್ಯದಿಂದಲ್ಲ, ಮಾತು ಕೊಟ್ಟಿದ್ದೆ. ಅವರು ಕೋಪದಿಂದ ಪಂಚಾಂಗ ತೆಗೆದು ನನ್ನ ಮುಖದ ಮುಂದೆ ಹಿಡಿದರು. ಗಲಾಟೆ ಕೇಳಿ ಸಣ್ಣಮ್ಮ ಕರೆದಳು.

"ಸೋಮಿ, ಇತ್ತ ಬನ್ನಿ. ಆ ಪುಸ್ತುಕ್ದಲ್ಲಿ ನೋಡಿ ಯೋಳಿ, ಯಾವತ್ತು ಸಾಯ್ಲಿ?"

ನಂಜುಂಡಪ್ಪನವರ ಬೋಳು ತಲೆಯವರೆಗೂ ಕೆಂಪೇರಿತು. ನಿಜವನ್ನೇ ಹೇಳಿಬಿಟ್ಟರು. "ಪಂಚಕದ ಕೊನೇ ನಕ್ಷತ್ರ ರೇವತಿ... ಶುಕ್ರವಾರ ಬೆಳಿಗ್ಗೆ ಹತ್ತು ಐವತ್ತಕ್ಕೆ ಮುಗಿಯುತ್ತೆ ಕಣವ್ವ."

"ಅಷ್ಟೇಯಾ? ಅದಾದ್ಮೇಕೆ ಓಯ್ತೀನಿ ಬುಡಿ. ಜೀಪು ಕಳ್ಸಿ."

ಜೀಪು ಹೋಯಿತು. ಒಬ್ಬ ಮುದುಕಿಯ ಮಾತು ನಂಬಿಕೊಂಡು ಸೆಕ್ರೆಟರಿ ಜೀಪು ವಾಪಸು ಕಳಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಆ ಎರಡು ದಿನ ನಾವಿಬ್ಬರೂ ಅವಳ ತುಟಿಗೆ ಹತ್ತಿಯಲ್ಲಿ ನೀರು ಹಚ್ಚುತ್ತಲೇ ಇದ್ದೆವು. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಒಂದು ಚಮಚ ನೀರು ಬಿಟ್ಟೆ, ನುಂಗಿದಳು. ಎಂಟೂಕಾಲಿಗೆ ಹೋದಳು. ಬಹಳ ಸುಲಭವಾಗಿ, ಪಕ್ಕಕ್ಕೆ ತಿರುಗಿದ ಹಾಗೆ.

ಆಲೀಸ್ ನನ್ನ ಮುಖ ನೋಡಿದಳು. ನಾನು ಗೋಡೆ ಗಡಿಯಾರ ನೋಡಿದೆ. ಇನ್ನೂ ಎರಡು ಗಂಟೆ ಮೂವತ್ತೈದು ನಿಮಿಷ. ಬಾಚಣಿಗೆ ತೆಗೆದುಕೊಂಡು ಸಣ್ಣಮ್ಮನ ತಲೆ ಬಾಚತೊಡಗಿದೆ. ಜಡೆ ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ. ಆಲೀಸ್ ಬಿಸಿನೀರು ತಂದು ಕೈಕಾಲು ಒರೆಸಿದಳು. ಆಯಾ ಕಾಫಿ ತಂದವಳು "ಎಂಗವ್ಳೆ?" ಎಂದಳು. "ಮಲಗಿದ್ದಾಳೆ" ಎಂದೆ. ಅದು ಸುಳ್ಳೇನೂ ಅಲ್ಲ. ಹತ್ತು ಐವತ್ತೈದಕ್ಕೆ ಎದ್ದು ಹೋಗಿ ಎಲ್ಲರಿಗೂ ಸುದ್ದಿ ಹೇಳಿದೆ. ಹನ್ನೊಂದಕ್ಕೆ ಬಂದ ಡಾಕ್ಟರು ಅವಳ ಕೈ ಎತ್ತಿ ನೋಡಿದರು, ಅದು ಆಗಲೇ ಸೆಟೆಯತೊಡಗಿತ್ತು. ನನ್ನ ಮುಖ ನೋಡಿದರು, ಗಡಿಯಾರ ನೋಡಿದರು. ನಾನು ಹೇಳಿದ ಸಮಯವನ್ನೇ ಬರೆದರು. ರಿಜಿಸ್ಟರಿನ ಮರಣದ ಕಾಲಮಿನಲ್ಲಿ ಮೊದಲ ಹೆಸರು ಸಣ್ಣಮ್ಮ, ಹತ್ತು ಐವತ್ತೈದು. ಅಡುಗೆಯವಳು ಮಾರನೆಯ ದಿನವೂ ಬಂದಳು. ಇಪ್ಪತ್ತಮೂರು ಜನರ ತಲೆಯ ಮೇಲೆ ಸೂರು ಉಳಿಯಿತು.

ಅಲ್ಲಿಂದ ಮುಂದೆ ಜೀಪು ಕಡಿಮೆಯಾಯಿತು. ಎರಡು ಸಾವಿರದ ಇಸವಿಯ ಈಚೆಗೆ ಕಮಿಟಿಯೇ ನಿಯಮ ಸಡಿಲಿಸಿತು. ಪಂಚಕ ಬಿಟ್ಟು ಉಳಿದ ದಿನ ಸಾಯಬಹುದು ಎಂದಾಯಿತು. ಆಡಳಿತದಲ್ಲಿ ಸುಧಾರಣೆ ಎಂದರೆ ಹೀಗೆಯೇ ಬರುವುದು. ಹುಡುಗಿಯರು ತಾಳ್ಮೆ ಕಲಿಯಬೇಕು.

ನನ್ನ ನಿವೃತ್ತಿಯ ಹಿಂದಿನ ವರ್ಷ ನಂಜುಂಡಪ್ಪನವರೇ ರೋಗಿಯಾಗಿ ಬಂದರು. ಹೊಟ್ಟೆಯ ಕ್ಯಾನ್ಸರ್. ಹುಣಸೂರಿನಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶವಾಗಿ ಎರಡು ತಿಂಗಳಾಗಿತ್ತು. ದೊಡ್ಡ ಮಗ ಮಹೇಶ, ಆಗ ನಮ್ಮ ಹೊಸ ಸೆಕ್ರೆಟರಿಯೂ ಆಗಿದ್ದವನು, "ಅಪ್ಪಾಜಿಗೆ ಇಲ್ಲಿ ಗಾಳಿ ಚೆನ್ನಾಗಿರುತ್ತೆ ಸಿಸ್ಟರ್" ಎಂದು ಹೇಳಿ ಬಿಟ್ಟುಹೋದ. ಪಂಚಾಂಗ ನೋಡಿದೆ. ಪಂಚಕಕ್ಕೆ ನಾಲ್ಕು ದಿನವಿತ್ತು. ನಂಜುಂಡಪ್ಪನವರು ನನ್ನ ಕಣ್ಣನ್ನೇ ಹಿಂಬಾಲಿಸಿ ಪಂಚಾಂಗ ನೋಡಿ ನಕ್ಕರು. "ನಾನು ಕಟ್ಟಿಸಿದ್ದು ಎರಡು ಮನೆ ಗೌರಮ್ಮ. ಸಾಯೋಕೆ ಜಾಗ ಇರೋದು ಇದ್ರಲ್ಲೇ."

ಕಿಟಕಿಯ ಮಂಚವನ್ನೇ ಕೊಟ್ಟೆವು. ಗಡಿಯಾರ ನೋಡಿ ಮಾತ್ರೆ ಕೊಟ್ಟೆವು. ನೋವು ಇಳಿದ ಒಂದು ಮಧ್ಯಾಹ್ನ ಕೇಳಿದರು.

"ಸಣ್ಣಮ್ಮ ಅವತ್ತು ಹತ್ತು ಐವತ್ತೈದಕ್ಕೆ ಹೋಗ್ಲಿಲ್ಲ, ಅಲ್ವಾ?"

"ನಿಮಗೆ ಯಾರು ಹೇಳಿದ್ದು?" ಎಂದೆ.

"ಯಾರೂ ಹೇಳ್ಲಿಲ್ಲ. ಒಂಬತ್ತು ಗಂಟೆಗೆ ಈ ಕಿಟಕಿ ಹೊರಗೆ ಬಂದು ನಿಂತಿದ್ದೆ. ನೀವು ಅವಳ ತಲೆ ಬಾಚ್ತಿದ್ರಿ, ಜಗಳ ಇರ್ಲಿಲ್ಲ. ಆಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ಮನಿದ್ರಿ ಸರ್?"

"ನಂಗೂ ಹತ್ತು ಐವತ್ತೈದೇ ಬೇಕಾಗಿತ್ತಲ್ಲ" ಎಂದರು. ಬೋಳು ತಲೆ ಸವರಿಕೊಂಡರು. "ನಂಗೆ ಮಾತ್ರ ಹಂಗೆ ಮಾಡ್ಬೇಡಿ. ಬಾಚೋಕೆ ಕೂದ್ಲೂ ಇಲ್ಲ, ಅಷ್ಟೊತ್ತು ಕೂತ್ಕಂಡು ಏನ್ ಮಾಡ್ತೀರಾ? ಯಾವಾಗ ಹೋಗ್ತೀನೋ ಅದನ್ನೇ ಬರೀರಿ. ನಾನು ಹೆದರಿಕೊಂಡು ಎಷ್ಟು ಜನರನ್ನ ಆ ಜೀಪಿಗೆ ಹಾಕಿಸ್ದೆ. ನನ್ನ ಒಬ್ಬನದಾದ್ರೂ ನಿಜ ಇರ್ಲಿ." ಅವರ ಕಣ್ಣಲ್ಲಿ ನೀರಿತ್ತು. ನನಗೂ ತಡೆಯಲಾಗಲಿಲ್ಲ. "ಹಾಕಿದವಳು ನಾನು ಸರ್" ಎಂದೆ. ಬೋರೇಗೌಡರ ನೀರಿನ ವಿಷಯ ಅಂದು ಅವರಿಗೂ ಹೇಳಿದೆ.

ಪಂಚಕದ ಮೂರನೆಯ ದಿನ, ಹಗಲು ಮೂರು ಹತ್ತಕ್ಕೆ, ನನ್ನ ಕೈಯಿಂದ ಎರಡು ಚಮಚ ನೀರು ಕುಡಿದು ಹೋದರು. ನಾಲ್ಕಕ್ಕೆ ಮಹೇಶ ಓಡಿಬಂದ. ಅಪ್ಪನ ಕಾಲು ಮುಟ್ಟಿ ಅತ್ತ. ಅತ್ತು ಮುಗಿಸಿ ನನ್ನನ್ನು ಪಕ್ಕಕ್ಕೆ ಕರೆದ. ಕೈಯಲ್ಲಿ ಪಂಚಾಂಗ, ಪುಟದ ನಡುವೆ ಬೆರಳು.

"ಸಿಸ್ಟರ್, ನಾಡಿದ್ದು ಬೆಳಿಗ್ಗೆವರೆಗೂ ಸರಿಯಿಲ್ಲ. ಮೈಸೂರಿಗೆ ಅಂತ ಜೀಪಲ್ಲಿ ತಗೊಂಡು ಹೋಗಿ, ದಾರೀಲಿ ಅಂತ ಬರೆದ್ರೆ? ಈ ಮನೆ ಉಳ್ಕೊಳ್ಳುತ್ತೆ. ಅಪ್ಪಾಜಿನೇ ಮಾಡಿದ್ದ ರೂಲು ಅಲ್ವಾ?"

"ಅವರೇ ಮುರಿದು ಹೋದ್ರಪ್ಪ" ಎಂದೆ.

ರಿಜಿಸ್ಟರು ತಂದು ಅವನ ಎದುರಿಗೇ ಬರೆದೆ: ನಂಜುಂಡಪ್ಪ, ಮಧ್ಯಾಹ್ನ ಮೂರು ಹತ್ತು. ಅಡುಗೆಯವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಇನ್ನೇನು ಚೀಲ ಎತ್ತಿಕೊಂಡು ಹೊರಡುತ್ತಾಳೆ ಎಂದುಕೊಂಡೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಒಬ್ರು ಕಮ್ಮಿ ಅಂತ ಬೇಯಿಸ್ಲಾ, ಇಲ್ಲ ಇವ್ರ ಕಡೆಯೋರ್ಗೂ ಸೇರ್ಸಿ ಬೇಯಿಸ್ಲಾ?" ಎಂದಳು. ಇಷ್ಟು ವರ್ಷ ನಾವು ಹೆದರಿದ್ದು ಇದಕ್ಕೆ.

ಎಲ್ಲರೂ ಹೋದ ಮೇಲೆ ರಿಜಿಸ್ಟರಿನ ಹಳೆಯ ಸಂಪುಟಗಳನ್ನು ಇಳಿಸಿದೆ. ಸಣ್ಣಮ್ಮನ ಹತ್ತು ಐವತ್ತೈದನ್ನು ಮುಟ್ಟಲಿಲ್ಲ. ಅವಳು ಕೊಟ್ಟ ಮಾತಿನ ಪ್ರಕಾರ ಅದೇ ಸರಿ. ಇನ್ನೂ ಹಿಂದಕ್ಕೆ ಹೋಗಿ ಬೋರೇಗೌಡರ ಪುಟ ಹುಡುಕಿದೆ. 'ಹೆಚ್ಚಿನ ಚಿಕಿತ್ಸೆಗಾಗಿ ಮೈಸೂರಿಗೆ' ಎಂಬುದರ ಮೇಲೆ ಗೆರೆ ಎಳೆದು ಪಕ್ಕದ ಖಾಲಿ ಕಾಲಮಿನಲ್ಲಿ ಬರೆದೆ: 'ಬಿಳಿಕೆರೆಯ ಹತ್ತಿರ ತೀರಿಕೊಂಡರು. ಎರಡು ಸಲ ನೀರು ಕೇಳಿದ್ದರು. ಕೊಡಲಿಲ್ಲ.' ಕೆಳಗೆ ಸಹಿ ಮಾಡಿ, ಅಂದಿನ ತಾರೀಖು ಹಾಕಿದೆ.